ಪೈಪಿನ ರಂಗೋಲಿ

ಬುಗ್ಗಮ್ಮನ ಗಂಡ ಬಾಲಯ್ಯ ಸತ್ತದ್ದು ಲಾರಿಯಲ್ಲೇ. ಅಪಘಾತ ಅಲ್ಲ. ಜೂರಾಲ ಅಣೆಕಟ್ಟು ದಾಟಿ ಧರೂರಿನ ಕಡೆ ಹೊರಟವನಿಗೆ ಎದೆ ಹಿಡಿಯಿತು. ಲಾರಿಯನ್ನು ರಸ್ತೆಯಿಂದ ಕೆಳಗಿಳಿಸಿದ. ಹ್ಯಾಂಡ್ ಬ್ರೇಕ್ ಎಳೆದ. ಸ್ಟೇರಿಂಗಿನ ಮೇಲೆ ತಲೆ ಇಟ್ಟ. ಹಿಂದೆ ಇದ್ದ ಕುರಿಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಮಣ್ಣಿಗೆ ಬಂದ ಜನ ಅದನ್ನೇ ಹೇಳಿದರು. ಸಾಯುವಾಗಲೂ ಕುರಿ ಉಳಿಸಿ ಸತ್ತ, ಪುಣ್ಯವಂತ. ಆ ಮಾತು ಕೇಳಿ ಬುಗ್ಗಮ್ಮನಿಗೆ ಮೈಯೆಲ್ಲ ಉರಿಯಿತು. ಕುರಿ ಉಳಿದವು. ಅವನು ಉಳಿಯಲಿಲ್ಲ. ಯಾರ ಪುಣ್ಯ ಅದು?

ಮಕ್ತಲ್‌ನಿಂದ ಒಂದಿಷ್ಟು ಒಳಗೆ, ಕಾಲುವೆ ಪಕ್ಕದ ಊರು ಅವರದು. ಕುರುಬರ ಓಣಿಯಲ್ಲಿ ಅರ್ಧ ಮನೆ ಕನ್ನಡ, ಅರ್ಧ ಮನೆ ತೆಲುಗು. ಬೈಯುವಾಗ ಎಲ್ಲರೂ ಎರಡೂ. ಬುಗ್ಗಮ್ಮ ರಾಯಚೂರು ಕಡೆಯ ಹೆಣ್ಣು. ಎರಡನೇ ಇಯತ್ತೆ ಮುಗಿಸುವ ಮೊದಲೇ ಶಾಲೆ ಬಿಟ್ಟು ಕುರಿಮರಿಯ ಹಿಂದೆ ಹೋದವಳು. ಬಾಲಯ್ಯನ ಹತ್ತಿರ ಇದ್ದದ್ದು ಒಂದು ಹಳೆಯ ಸಣ್ಣ ಲಾರಿ. ಮಕ್ತಲ್, ನಾರ್ವ, ರಾಜೋಳಿ, ಎಲ್ಲಿ ಕುರಿ ಇದ್ದರೂ ತುಂಬಿಕೊಂಡು ಸಂತೆಗೆ ಮುಟ್ಟಿಸುವುದು ಅವನ ಕೆಲಸ.

ಕುರಿ ಸಾಗಿಸುವ ಲಾರಿಗೆ ಒಂದು ರೋಗ ಇರುತ್ತದೆ. ಕುರಿಯ ಉಚ್ಚೆ ಹಲಗೆಯ ಸಂದಿಯಿಂದ ಸೋರಿ ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಲಾರಿಯ ಅಡಿಯ ಚೌಕಟ್ಟು, ಚಾಸಿ, ದಪ್ಪ, ತಡೆಯುತ್ತದೆ. ಬ್ರೇಕಿನ ಪೈಪು ಬಳಪದಷ್ಟು ಸಣ್ಣದು, ತಡೆಯುವುದಿಲ್ಲ. ಪೆಡಲು ತುಳಿದರೆ ಆ ಪೈಪಿನೊಳಗಿನ ಎಣ್ಣೆಯೇ ಹೋಗಿ ಹಿಂದಿನ ಗಾಲಿಯನ್ನು ಹಿಡಿಯಬೇಕು. ಪೈಪು ತೂತು ಬಿತ್ತೆಂದರೆ ಎಣ್ಣೆ ನೆಲಕ್ಕೆ, ಲಾರಿ ಎಲ್ಲಿಗೋ.

ಬಾಲಯ್ಯ ಇಂಥ ರಿಪೇರಿಗೆ ಯಾರ ಅಂಗಡಿಗೂ ಹೋದವನಲ್ಲ. ಅಂಗಳದಲ್ಲೇ ಲಾರಿಯ ಕೆಳಗೆ ಮಲಗುತ್ತಿದ್ದ. ಮೇಲೆ ಸೀಟಿನಲ್ಲಿ ಬುಗ್ಗಮ್ಮ ಕೂರಬೇಕು. ಅವನು ಕೆಳಗಿನಿಂದ "ಒತ್ತು" ಅನ್ನುತ್ತಿದ್ದ, ಇವಳು ಪೆಡಲು ತುಳಿಯುತ್ತಿದ್ದಳು. "ಬಿಡು" ಅಂದರೆ ಬಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಆಡಿದ ಮಾತಿಗಿಂತ ಹೀಗೆ ಒತ್ತು ಬಿಡು ಅಂದದ್ದೇ ಹೆಚ್ಚು. ಕೂತು ಕೂತು ಲಾರಿ ನಡೆಸುವುದನ್ನೂ ಕಲಿತಳು. ಹೋದ ವರ್ಷ ಅವನೇ ನಾರಾಯಣಪೇಟೆಗೆ ಕರೆದುಕೊಂಡು ಹೋಗಿ ಲೈಸೆನ್ಸ್ ಮಾಡಿಸಿದ. ಊರು ನಕ್ಕಿತು. ಬಾಲಯ್ಯನೂ ನಕ್ಕ. "ನನಗ ನಿದ್ದಿ ಬಂದ್ರ ಯಾರು ಹೊಡಿಯೋರು, ನಿಮ್ಮಪ್ಪ?" ಅಂದ.

ಅವನು ಹೋದ ಮೇಲೆ ಲಾರಿ ಮಳೆಗಾಲ ಪೂರ್ತಿ ಅಂಗಳದಲ್ಲೇ ನಿಂತಿತು. ಅದರ ಹತ್ತಿರ ಹೋಗಲು ಬುಗ್ಗಮ್ಮನಿಗೆ ಆಗಲಿಲ್ಲ. ಕೊನೆಗೆ ಒಂದು ದಿನ ಮನಸ್ಸು ಗಟ್ಟಿಯಾಯಿತು. ಹತ್ತಿ ಕೂತಳು. ಸೀಟಿನಲ್ಲಿ ಅವನ ಮೈಯ ತಗ್ಗು ಇನ್ನೂ ಇತ್ತು. ಅದರಲ್ಲೇ ಕೂತು ಪೆಡಲು ತುಳಿದಳು. ಪೆಡಲು ಕೆಸರಿನಲ್ಲಿ ಕಾಲಿಟ್ಟ ಹಾಗೆ ತಳಕ್ಕೆ ಹೋಯಿತು. ಇಳಿದು ಬಗ್ಗಿ ನೋಡಿದರೆ ಹಿಂದಿನ ಗಾಲಿಯ ಒಳಗಡೆ ಚಾಸಿ ಒದ್ದೆ, ಮಣ್ಣು ಕರ್ರಗೆ.

ಮೈದುನ ತಿರುಪತಿಗೂ ಇದು ಗೊತ್ತಾಯಿತು. ತಿರುಪತಿ ಕೆಟ್ಟವನಲ್ಲ. ಅಣ್ಣನ ಹೆಣವನ್ನು ಆ ಸೀಟಿನಿಂದ ಎತ್ತಿ ಇಳಿಸಿದವನು ಅವನೇ. ಅಂದಿನಿಂದ ಲಾರಿ ಕಂಡರೆ ಮುಖ ತಿರುಗಿಸುತ್ತಿದ್ದ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹತ್ತು ಜನ ಕೂತಿದ್ದಾಗ ಬುಗ್ಗಮ್ಮನನ್ನು ಕರೆಸಿ ಹೇಳಿದ.

"ಅತ್ತಿಗಿ, ಗದ್ವಾಲದ ಗುಜರಿಯವಗ ಹೇಳೀನಿ. ಗುರುವಾರ ಬರತಾನ. ಒಡೆದು ಒಯ್ಲಿ."

"ಯಾಕ?"

"ಯಾಕಂದ್ರ? ಅಣ್ಣನ್ನ ನುಂಗಿದ ಬಂಡಿ ಅದು. ಅಲ್ಲದ ಬ್ರೇಕೂ ಇಲ್ಲ. ಯಾವ ಡ್ರೈವರ್ ಹತ್ತತಾನ?"

"ನಾ ಹತ್ತತೀನಿ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕ ಮೆಲ್ಲಗೆ ಅಂದ, "ಬುಗ್ಗವ್ವಾ, ಕೋಪ ಮಾಡ್ಕೋಬ್ಯಾಡ. ಸಂತಿಗೆ ಹೊಂಡೋ ಹೊತ್ತಿನಾಗ ಗಂಡನ್ನ ಕಳಕೊಂಡಾಕಿ ಮುಖ ನೋಡಿ ಯಾರು ಕುರಿ ಏರಸ್ತಾರ ಹೇಳು."

"ಮುಖ ಬ್ಯಾಡಾಗಿದ್ರ ಬೆನ್ನು ನೋಡಿ ಏರಸ್ರಿ," ಅಂದಳು ಬುಗ್ಗಮ್ಮ. ಆಮೇಲೆ ತಿರುಪತಿಯ ಕಡೆ ತಿರುಗಿದಳು. "ಗುಜರಿಯವ ಬರಲಿ. ಅವನ ಕಣ್ಣಮುಂದ ಕಾಲುವಿ ಕಟ್ಟಿ ಇಳಿಜಾರದಾಗ ಕುರಿ ತುಂಬಿದ ಬಂಡಿ ನಿಲ್ಲಸ್ತೀನಿ. ನಿಲ್ಲಲಿಲ್ಲ ಅಂದ್ರ ಚಾವಿ ನಾನ ಅವನ ಕೈಗೆ ಕೊಡತೀನಿ. ನಿಂತರ, ಬಂಡಿ ನಂದು. ಮತ್ತ ಯಾರೂ ಸೊಲ್ಲೆತ್ತಬಾರದು."

"ಆಯ್ತು," ಅಂದ ತಿರುಪತಿ. ಆಗುವುದಿಲ್ಲ ಎಂದು ಅವನಿಗೆ ಖಾತ್ರಿ ಇತ್ತು.

ಮಾರನೇ ದಿನ ಬುಗ್ಗಮ್ಮ ಬಸ್ಸು ಹತ್ತಿ ಮಕ್ತಲ್‌ಗೆ ಹೋದಳು. ಅಲ್ಲಿ ಸಾಯಿಪ್ರಸಾದನ ಸ್ಪೇರ್ ಪಾರ್ಟ್ಸ್ ಅಂಗಡಿ. ಬಾಲಯ್ಯ ಅವನ ಹತ್ತಿರವೇ ಸಾಮಾನು ಒಯ್ಯುತ್ತಿದ್ದ. ಅವಳನ್ನು ಕಂಡು ಸಾಯಿಪ್ರಸಾದ್ ಎದ್ದು ನಿಂತ. ನೀರು ಕೊಟ್ಟ.

"ಹಿಂದಿನ ಬ್ರೇಕ್ ಪೈಪು ಬೇಕು. ಉದ್ದಕ್ಕೂ," ಅಂದಳು.

"ಬಂಡಿ ತಗೊಂಡು ಬಾರಕ್ಕಾ, ಹುಡುಗರ ಕೈಲಿ ಹಾಕಿಸಿ ಕೊಡ್ತೀನಿ."

"ಬ್ರೇಕಿಲ್ಲದ ಬಂಡಿ ತಂದು ಎಲ್ಲಿ ನಿಲ್ಲಸಲಿ, ನಿನ್ನ ಗ್ವಾಡಿಗೆ?"

ಸಾಯಿಪ್ರಸಾದನಿಗೆ ನಗು ಬಂತು. ನಗಬಹುದೋ ಬಾರದೋ ಎಂದು ಅವಳ ಮುಖ ನೋಡಿದ. ತಾಮ್ರದ ಪೈಪಿನ ಸುರುಳಿ ತೆಗೆದು ಮುಂದಿಟ್ಟ. "ಇದು ಒಯ್ಯಿ. ಕೈಯಾಗ ಬಗ್ಗತದ. ಹೆಣ್ಣುಮಕ್ಕಳಿಗೆ ಸುಲಭ."

"ನನ್ನ ಕೈಯಾಗ ಬಗ್ಗೋದು ಗುಂಡಿ ಬಿದ್ದ ರಸ್ತ್ಯಾಗ ನಡಗಿ ನಡಗಿ ಸೀಳತದ. ಉಕ್ಕಿಂದು ಕೊಡು."

"ಬಾಲಯ್ಯಣ್ಣನೂ ಹಿಂಗ ಅಂತಿದ್ದ."

"ಅವನ ಮಾತ ನಾ ಹೇಳಿದ್ದು."

ಉಕ್ಕಿನ ಪೈಪು ಕಟ್ಟಿ ಕೊಟ್ಟ. ತುದಿಗೆ ಹಾಕುವ ನಟ್ಟುಗಳನ್ನೂ ಬ್ರೇಕ್ ಎಣ್ಣೆಯ ಡಬ್ಬಿಯನ್ನೂ ಕೊಟ್ಟ. ಬಾಗಿಲ ತನಕ ಬಂದು ಒಂದು ಮಾತು ಹೇಳಿದ. "ಅಕ್ಕಾ, ಮೊದಲು ಪೈಪಿಗೆ ನಟ್ಟು ಏರಿಸು. ಆಮ್ಯಾಲೆ ತುದಿ ಬಾಯಿ ಅರಳಿಸು. ಒಮ್ಮೆ ಬಾಯಿ ಅರಳಿತಂದ್ರ ನಟ್ಟು ಏರಾಂಗಿಲ್ಲ. ಎಲ್ಲಾರೂ ಮರೀತಾರ."

"ನಾ ಮರಿಯಾಂಗಿಲ್ಲ," ಅಂದಳು ಬುಗ್ಗಮ್ಮ.

ಮನೆಗೆ ಬಂದು ಗಾಲಿಗಳಿಗೆ ಕಲ್ಲು ಕೊಟ್ಟಳು. ಸೀರೆ ಕಚ್ಚೆ ಹಾಕಿ, ಗೋಣಿಚೀಲ ಹಾಸಿ ಲಾರಿಯ ಕೆಳಗೆ ಮಲಗಿದಳು. ಅಷ್ಟು ವರ್ಷ ಮೇಲೆ ಕೂತವಳು ಕೆಳಗಿನಿಂದ ಲಾರಿಯನ್ನು ನೋಡಿದ್ದು ಆಗಲೇ. ಕುರಿಯ ವಾಸನೆ, ಎಣ್ಣೆಯ ವಾಸನೆ. ಮೂಗಿಗೆ ತಾಗುವಷ್ಟು ಹತ್ತಿರ ಕಬ್ಬಿಣ. ಅವನು ದಿನ ದಿನ ನೋಡುತ್ತಿದ್ದದ್ದು ಇದನ್ನು.

ಪೈಪನ್ನು ಚಾಸಿಗೆ ಅಲ್ಲಲ್ಲಿ ತಂತಿಯಿಂದ ಬಿಗಿದಿದ್ದ. ಬಾಲಯ್ಯ ಎಡಚ. ತಂತಿಯ ತಿರುವು ಎಲ್ಲಾ ಎಡಕ್ಕೆ. ಬುಗ್ಗಮ್ಮ ತನ್ನ ಕೈಯ ರೂಢಿಯಲ್ಲಿ ತಿರುವಿದರೆ ತಂತಿ ಬಿಚ್ಚುವ ಬದಲು ಇನ್ನೂ ಬಿಗಿಯಿತು. ಆಮೇಲೆ ತಿಳಿಯಿತು. ಉಲ್ಟಾ ತಿರುವಿದಳು. ಸತ್ತ ಮೇಲೂ ನನ್ನ ಮಾತಿಗೆ ಎದುರು ತಿರುಗ್ತಾನ ನೋಡು ಇವನು, ಅಂದಳು. ಆಮೇಲೆ ಸುಮಾರು ಹೊತ್ತು ಕೆಲಸ ಮಾಡಲಿಲ್ಲ. ಓಣಿಯಲ್ಲಿ ಹೋಗುವವರಿಗೆ ಲಾರಿಯ ಕೆಳಗಿನಿಂದ ಅವಳ ಕಾಲುಗಳು ಮಾತ್ರ ಕಾಣುತ್ತಿದ್ದವು, ಅಲುಗದೆ.

ನಟ್ಟುಗಳಿಗೆ ಸೀಮೆಎಣ್ಣೆ ಹಾಕಿ ಬಿಟ್ಟಿದ್ದಳು. ಎರಡು ಬಿಚ್ಚಿದವು. ಉಳಿದವಕ್ಕೆ ಪಾನಾ ಹಾಕಿದರೆ ಮೂಲೆ ಸವೆದು ಗುಂಡಗಾದವು. ಪೈಪನ್ನೇ ಗರಗಸದಿಂದ ಕೊಯ್ದು, ನಟ್ಟನ್ನು ಸುತ್ತಲೂ ಹಿಡಿಯುವ ಉಂಗುರದ ಪಾನಾ ಹಾಕಿ ಮೈಭಾರ ಬಿಟ್ಟು ಬಿಚ್ಚಿದಳು. ಹಳೆಯ ಪೈಪು ಕೈಗೆ ಬಂದಾಗ ಪೈಪಾಗಿರಲಿಲ್ಲ. ತುಕ್ಕು ಹಿಡಿದು ತುಂಡು ತುಂಡಾಗಿ, ಹಪ್ಪಳದ ಹಾಗೆ ಮುರಿಯುತ್ತಿತ್ತು.

ಇದೇ ಕಷ್ಟ. ಹೊಸ ಪೈಪನ್ನು ಹಳೆಯದರ ಹಾಗೇ ಬಗ್ಗಿಸಬೇಕು. ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಎಂಬುದು ಆ ತುಂಡುಗಳಲ್ಲಿ ಇತ್ತು. ನೆಲದ ಮೇಲೆ ಜೋಡಿಸಿಟ್ಟರೆ ಕೋಳಿ ಕಾಲು ತಾಗಿಸಿದರೂ ಕೆಟ್ಟುಹೋಗುತ್ತದೆ. ಬುಗ್ಗಮ್ಮ ಅಂಗಳಕ್ಕೆ ಸಗಣಿ ಹಾಕಿ ಸಾರಿಸಿದಳು. ತುಂಡುಗಳನ್ನು ಒಂದರ ತುದಿಗೆ ಒಂದು ಸೇರಿಸಿ ಇಟ್ಟಳು. ಒಳಗೆ ಹೋಗಿ ರಂಗೋಲಿ ಪುಡಿಯ ಡಬ್ಬಿ ತಂದಳು. ಗಂಡ ಸತ್ತಂದಿನಿಂದ ಅದನ್ನು ಮುಟ್ಟಿರಲಿಲ್ಲ. ಮುಟ್ಟುವ ಹಾಗೂ ಇರಲಿಲ್ಲ. ಪೈಪಿನ ಗುಂಟ ಎರಡೂ ಬದಿಗೆ ಗೆರೆ ಎಳೆದಳು. ಬಾಗಿದ ಕಡೆ ಚುಕ್ಕಿ ಇಟ್ಟಳು. ಪುಡಿ ಬೆರಳಿನಿಂದ ಇಳಿಯುವುದು ಕೈಗೆ ಮರೆತಿರಲಿಲ್ಲ.

ಹೊತ್ತು ಏರುವುದರೊಳಗೆ ಓಣಿಗೆ ಸುದ್ದಿ ಮುಟ್ಟಿತು. ಬುಗ್ಗಮ್ಮ ರಂಗೋಲಿ ಹಾಕ್ಯಾಳ.

ನೀರಿಗೆ ಹೋಗುವ ಹೆಂಗಸರು ನಿಂತರು. ಶೇಖಮ್ಮ ಅನ್ನುವವಳು ಸೊಂಟದ ಕೊಡ ಇಳಿಸಿ ನೋಡಿಯೇ ನೋಡಿದಳು. "ಇದ್ಯಾವ ನಮೂನಿ? ಹಾವೋ ಏನು?"

"ನಾಗರಪಂಚಮಿ ಎಂದೋ ಮುಗೀತು. ಬ್ರೇಕಿನ ಪೈಪು," ಅಂದಳು ಬುಗ್ಗಮ್ಮ.

ತಿರುಪತಿ ಬಂದ. ಮುಖ ಕೆಂಪಾಗಿತ್ತು. "ಅತ್ತಿಗಿ, ಅಣ್ಣನ ವರ್ಷದ ತಿಥಿ ಇನ್ನೂ ಆಗಿಲ್ಲ. ಬಾಗಲ ಮುಂದ ರಂಗೋಲಿ ಹಾಕಾಕ ನಾಚಿಕಿ ಬರಲಿಲ್ಲ?"

"ಬಾಗಲ ಮುಂದ ಅಲ್ಲ, ಬಂಡಿ ಮುಂದ. ಲಕ್ಷ್ಮಿ ಬರಲಿ ಅಂತ ಹಾಕಿದ್ದಲ್ಲ. ಎಣ್ಣಿ ಬಂದ್ರ ಸಾಕು."

"ಮಂದಿ ಏನಂತಾರ?"

"ಈಗ ಅನ್ನಾಕತ್ಯಾರಲ್ಲ. ಕೇಳು, ನಿನಗೂ ಕಿವಿ ಅದಾವ."

ತಿರುಪತಿ ಮುಂದೆ ಬಂದ. ಚಪ್ಪಲಿ ಕಾಲಿನಿಂದ ರಂಗೋಲಿಯ ಒಂದು ಬಾಗು ಒರೆಸಿ, ಪೈಪಿನ ತುಂಡುಗಳನ್ನು ಚದುರಿಸಿ ಹೋದ.

ಬುಗ್ಗಮ್ಮ ನೆಲಕ್ಕೆ ಕೂತಳು. ತುಂಡುಗಳನ್ನು ಆಯ್ದು ಮತ್ತೆ ಜೋಡಿಸಿದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಕೂಡಿತು. ಮತ್ತೆ ಗೆರೆ ಎಳೆದಳು, ಈ ಸಲ ದಪ್ಪಗೆ, ಓಣಿಯ ಆ ತುದಿಗೂ ಕಾಣುವ ಹಾಗೆ. ಶೇಖಮ್ಮ ಕೊಡ ಎತ್ತಿಕೊಂಡು ಹೋಗುವಾಗ ಸೆರಗು ಎತ್ತಿ ಹಿಡಿದು ಗೆರೆಯ ಸುತ್ತು ಬಳಸಿ ಹೋದಳು. ಅವಳ ಹಿಂದೆ ಬಂದವರೂ ಹಾಗೇ ಹೋದರು.

ಹೊಸ ಪೈಪನ್ನು ಒನಕೆಗೆ ಒತ್ತಿ ಬಗ್ಗಿಸಿದಳು. ಒಮ್ಮೆಗೇ ಬಗ್ಗಿಸಿದರೆ ಮಡಿಕೆ ಬಿದ್ದು ಎಣ್ಣೆಯ ದಾರಿ ಕಟ್ಟುತ್ತದೆ. ತುಸು ತುಸುವೇ ಬಗ್ಗಿಸಿ, ರಂಗೋಲಿಯ ಮೇಲೆ ಇಟ್ಟು ನೋಡಿ, ಮತ್ತೆ ಬಗ್ಗಿಸಿದಳು. ಪೈಪು ಎರಡು ಗೆರೆಯ ನಡುವೆ ಸರಿಯಾಗಿ ಮಲಗಿದಾಗ ಅವಳಿಗೆ ಹಿಗ್ಗು ಬಂತು. ಆ ಹಿಗ್ಗಿನಲ್ಲೇ ಬಾಲಯ್ಯನ ಪೆಟ್ಟಿಗೆಯಿಂದ ಬಾಯಿ ಅರಳಿಸುವ ಸಾಮಾನು ತೆಗೆದು, ತುದಿಯನ್ನು ಹಿಡಿಗೆ ಸಿಕ್ಕಿಸಿ, ಸ್ಕ್ರೂ ತಿರುವಿ, ತುದಿ ಹೂವಿನ ಹಾಗೆ ಅರಳಿಸಿದಳು. ಚಂದ ಆಯಿತು. ಆ ತುದಿಯನ್ನೂ ಅರಳಿಸಿದಳು. ಅದೂ ಚಂದ ಆಯಿತು.

ನಟ್ಟುಗಳು ಇನ್ನೂ ಮನೆಯ ಕಟ್ಟೆಯ ಮೇಲೆ ಇದ್ದವು.

ಬುಗ್ಗಮ್ಮ ನಟ್ಟು ನೋಡಿದಳು, ಪೈಪು ನೋಡಿದಳು. ಮಕ್ತಲ್ ಇದ್ದ ದಿಕ್ಕಿಗೆ ತಿರುಗಿ ಸಾಯಿಪ್ರಸಾದನಿಗೆ ಒಂದು ಬೈಗುಳ ಬೈದಳು, ತಪ್ಪು ಅವನದಲ್ಲದಿದ್ದರೂ. ತುದಿ ಕೊಯ್ದಳು. ನಟ್ಟು ಏರಿಸಿದಳು. ಮತ್ತೆ ಅರಳಿಸಿದಳು. ಪೈಪು ಒಂಚೂರು ಕುಳ್ಳಗಾಯಿತು, ಎಳೆದು ಕೂಡಿಸಿದರೆ ಕೂಡಿತು.

ಚಾಸಿಗೆ ಪೈಪು ಕಟ್ಟುವಾಗ ಬಾಲಯ್ಯನ ತಂತಿಯನ್ನೇ ನೆಟ್ಟಗೆ ಮಾಡಿ ಬಳಸಿದಳು. ತಿರುವಿದ್ದು ಮಾತ್ರ ಬಲಕ್ಕೆ. ಅವನು ಮಾಡದ್ದೊಂದನ್ನೂ ಮಾಡಿದಳು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಪೈಪಿನ ಮೇಲೆ ಹೊದಿಸಿ ಕಟ್ಟಿದಳು. ಇನ್ನು ಮೇಲೆ ಕುರಿ ಎಷ್ಟು ಉಚ್ಚೆ ಹೊಯ್ದರೂ ರಬ್ಬರಿನ ಮೇಲೆ.

ಉಳಿದದ್ದು ಹವಾ ತೆಗೆಯುವುದು. ಹೊಸ ಪೈಪಿನ ತುಂಬ ಗಾಳಿ. ಎಣ್ಣೆಯ ನಡುವೆ ಗಾಳಿಯ ಗುಳ್ಳೆ ಇದ್ದರೆ ಪೆಡಲು ಮೆತ್ತಗೆ ಕುಸಿಯುತ್ತದೆ, ಗಾಲಿ ಹಿಡಿಯುವುದಿಲ್ಲ. ಒಬ್ಬರು ಮೇಲೆ ಪೆಡಲು ತುಳಿದು ಹಿಡಿಯಬೇಕು. ಆಗ ಇನ್ನೊಬ್ಬರು ಗಾಲಿಯ ಹಿಂದಿನ ಸಣ್ಣ ತಿರುಪು ಸಡಿಲಿಸಬೇಕು. ಗುಳ್ಳೆ ಹೊರಗೆ ಬರುತ್ತದೆ. ತಿರುಪು ಬಿಗಿದ ಮೇಲೆಯೇ ಪೆಡಲು ಬಿಡಬೇಕು. ಮೊದಲು ಬಿಟ್ಟರೆ ಗಾಳಿ ಮತ್ತೆ ಒಳಗೆ.

ಮೇಲೆ ಕೂರಲು ಯಾರು? ಪಕ್ಕದ ಮನೆಯ ಪೆಂಟಮ್ಮ ತಾನೇ ಬಂದಳು. ತೆಲುಗಿನವಳು. ದೊಡ್ಡ ಹಿಂಡಿನ ಒಡತಿ. ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಕಲಸುಮೇಲೋಗರ. "ನನ್ನ ಕುರಿ ಸಂತಿಗಿ ಪೋವಾಲ, ಬುಗ್ಗವ್ವಾ. ನೀ ಬಂಡಿ ಇಲ್ಲಾಂದ್ರ ನಾ ತಲಿ ಮೀದ ಒಯ್ಯಲಾ?" ಅಂತ ಹತ್ತಿ ಕೂತಳು.

"ಪೆಂಟಕ್ಕಾ, ನಾ ಹೇಳಿದಂಗ ಮಾಡು. ಒತ್ತು ಅಂದ್ರ ಒತ್ತು. ಬಿಡು ಅಂದ್ರ ಬಿಡು."

"ಇದೇಮಿ ದೊಡ್ಡ ಕೆಲಸ?"

ಬುಗ್ಗಮ್ಮ ಕೆಳಗೆ ಹೋದಳು. "ಒತ್ತು!" ಅಂದಳು. ತಿರುಪು ಸಡಿಲಿಸಿದಳು. ಎಣ್ಣೆ ಬಂತು, ಗುಳ್ಳೆ ಬಂತು. ಬಿಗಿದಳು. ಮತ್ತೆ "ಒತ್ತು!" ಮತ್ತೆ ಗುಳ್ಳೆ. ಡಬ್ಬಿಯಲ್ಲಿ ಎಣ್ಣೆ ಇಳಿಯುತ್ತಾ ಬಂತು, ಗುಳ್ಳೆ ತೀರಲಿಲ್ಲ. ಎಲ್ಲೋ ನಟ್ಟು ಸರಿಯಾಗಿ ಕೂತಿಲ್ಲ ಎಂದುಕೊಂಡು ಎಲ್ಲಾ ನಟ್ಟು ಮತ್ತೆ ಬಿಗಿದಳು. ಆದರೂ ಗುಳ್ಳೆ. ಮರುದಿನವೇ ಗುರುವಾರ. ಅರಳಿಸಿದ ಬಾಯಿ ಸೀಳಿದೆಯೋ ಏನೋ. ಗಂಡಸರ ಕೆಲಸ ಗಂಡಸರಿಗೇ ಅನ್ನುವ ಮಾತು ಗುಡಿಕಟ್ಟೆಯಿಂದ ಈಗಲೇ ಕೇಳಿಸಿದ ಹಾಗಾಯಿತು.

ಕೊನೆಗೆ ಸಿಟ್ಟಿನಿಂದ "ಒತ್ತು!" ಅಂತ ಕೂಗಿ, ಕೆಳಗಿನಿಂದ ಹೊರಳಿ ಬಂದು ತೆರೆದ ಬಾಗಿಲಲ್ಲಿ ನೋಡಿದಳು. ಪೆಂಟಮ್ಮ ಕಾಲನ್ನು ಪೆಡಲಿನಿಂದ ಎತ್ತಿ ಗಾಳಿಯಲ್ಲಿ ಹಿಡಿದು ಕೂತಿದ್ದಳು.

"ಯವ್ವಾ! ಕಾಲ್ಯಾಕ ಎತ್ತಿದಿ?"

"ನುವ್ವೇ ಒದ್ದಂಟಿವಿ ಕದಾ! ನೀನೇ ಒದ್ದು ಅಂದಿ!"

ಬುಗ್ಗಮ್ಮ ಪಾನಾ ಕೆಳಗಿಟ್ಟಳು. ತೆಲುಗಿನಲ್ಲಿ ಒದ್ದು ಅಂದರೆ ಬೇಡ. ಲಾರಿಯ ಹೊಟ್ಟೆಯೊಳಗಿನಿಂದ ಬಂದ ಇವಳ ಒತ್ತು ಅವಳ ಕಿವಿಗೆ ಒದ್ದು ಆಗಿತ್ತು. ಕೂಗುವ ಮೊದಲೇ ತುಳಿದು ಕೂತಿರುತ್ತಿದ್ದ ಪೆಂಟಮ್ಮ ಪ್ರತಿ ಸಲ ತಿರುಪು ಸಡಿಲಾಗುವ ಹೊತ್ತಿಗೆ ಸರಿಯಾಗಿ ಕಾಲು ಎತ್ತಿದ್ದಳು. ಗಾಳಿ ಹೋದಷ್ಟೂ ಒಳಗೆ ಬಂದಿತ್ತು.

"ಬ್ಯಾಡ ಅಂತ ಅಷ್ಟು ಸಲ ಯಾಕ ಕೂಗಲಿ ನಾ?"

"ನೀಕು ನಾ ತುಳಿಯೋದು ಇಷ್ಟ ಲೇದು ಅಂದ್ಕೊಂಡೆ," ಅಂದಳು ಪೆಂಟಮ್ಮ. "ಮನಸಿನಾಗ ನಾನೂ ಬೈದೆ. ಬಾ ಅಂತಾಳ, ಮತ್ತ ಒದ್ದಂತಾಳ, ಈಕಿಗಿ ತಲಿ ಕೆಟ್ಟದ ಅಂತ."

ಇಬ್ಬರೂ ನಕ್ಕರು. ಬಾಲಯ್ಯ ಹೋದ ಮೇಲೆ ಬುಗ್ಗಮ್ಮ ನಕ್ಕದ್ದು ಅದೇ ಮೊದಲು. ನಗುವಾಗಲೇ ಕಣ್ಣಲ್ಲಿ ನೀರು ಬಂತು. ಎಣ್ಣೆಯ ಕೈಯಿಂದಲೇ ಒರೆಸಿದಳು, ಕಣ್ಣು ಉರಿಯಿತು.

ಕನ್ನಡವೂ ಬೇಡ, ತೆಲುಗೂ ಬೇಡ ಎಂದಾಯಿತು. ಇಬ್ಬರಿಗೂ ಗೊತ್ತಿರುವುದು ಕುರಿಯ ಮಾತು. ಕುರಿ ನೂಕುವ ಕೂಗು "ಹೈ" ಅಂದರೆ ತುಳಿ, ಕುರಿ ನಿಲ್ಲಿಸುವ ಕೂಗು "ಟ್ರ್ರ" ಅಂದರೆ ಬಿಡು. ಹೊತ್ತು ಇಳಿಯುವ ತನಕ ಅಂಗಳದಲ್ಲಿ ಹೈ, ಟ್ರ್ರ, ಹೈ, ಟ್ರ್ರ. ಶೇಖಮ್ಮ ಗೋಡೆಯ ಮೇಲಿಂದ ತಲೆ ಹಾಕಿ, ಲಾರಿಯಲ್ಲಿ ಕುರಿ ಎಲ್ಲಿವೆ ಎಂದು ಹುಡುಕಿದಳು. ಕಡೆಗೆ ಗುಳ್ಳೆ ಇಲ್ಲದ ಎಣ್ಣೆ ಬಂತು. ಬುಗ್ಗಮ್ಮ ತಾನೇ ಹತ್ತಿ ತುಳಿದು ನೋಡಿದಳು. ಪೆಡಲು ಅರ್ಧಕ್ಕೆ ಕಲ್ಲಿನ ಹಾಗೆ ನಿಂತಿತು.

ಗುರುವಾರ ಗುಜರಿಯವನು ತನ್ನ ಟ್ರಾಲಿ ತಂದ. ಕಾಲುವೆ ಕಟ್ಟೆಯ ಹತ್ತಿರ ಓಣಿಗೆ ಓಣಿಯೇ ನಿಂತಿತ್ತು. ಪೆಂಟಮ್ಮ ತನ್ನ ಕುರಿಗಳನ್ನು ಲಾರಿಗೆ ಏರಿಸಿದಳು. ಬೆಳಗ್ಗೆಯೇ ವಿಧವೆಯ ಮುಖ ನೋಡುವುದೇ ಎಂದು ಅವಳ ಗಂಡ ದೂರ ನಿಂತು ಗೊಣಗುತ್ತಿದ್ದ, "ಪೊದ್ದುನ್ನೇ ಆಮೆ ಮೊಹಂ ಚೂಸಿ..." ಪೆಂಟಮ್ಮ ಒಂದು ಟಗರಿನ ಕೊಂಬು ಹಿಡಿದು ಎಳೆಯುತ್ತಾ, "ನೀ ಮೊಹಂ ದಿನಾ ಚೂಸಿ ನಾ ಕುರಿಗೇನೂ ಆಗಿಲ್ಲ, ಇದೇನಾಗತದ?" ಅಂದಳು.

ಬುಗ್ಗಮ್ಮ ಲಾರಿಯನ್ನು ಕಟ್ಟೆಯ ಮೇಲಕ್ಕೆ ಹತ್ತಿಸಿದಳು. ತಿರುಗಿಸಿಕೊಂಡು ಇಳಿಜಾರಿಗೆ ಬಿಟ್ಟಳು. ಕುರಿಯ ಭಾರಕ್ಕೆ ಲಾರಿ ಜೋರು ಹಿಡಿಯಿತು. ಜನ ಎರಡೂ ಕಡೆಗೆ ಸರಿದರು. ಯಾರೋ "ಹೋತು ಹೋತು" ಅಂದರು. ನಡು ಇಳಿಜಾರಿಗೆ ಬಂದಾಗ ಅವಳು ತುಳಿದಳು. ಗಾಲಿಗಳು ಕಿರುಗುಟ್ಟಿದವು. ಕುರಿಗಳೆಲ್ಲ ಒಂದೇ ಮುದ್ದೆಯಾಗಿ ಮುಂದಕ್ಕೆ ಬಂದು ಒಟ್ಟಿಗೆ ಅರಚಿದವು. ಲಾರಿ ನಿಂತಿತು.

"ಹ್ಯಾಂಡ್ ಬ್ರೇಕ್ ಎಳದಾಳ!" ಅಂದ ತಿರುಪತಿ.

ಬುಗ್ಗಮ್ಮ ಕೆಳಗಿಳಿದೇ ಇದ್ದ ಹ್ಯಾಂಡ್ ಬ್ರೇಕಿನತ್ತ ಗದ್ದ ತೋರಿಸಿದಳು. ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಬಳೆಯಿಲ್ಲದ ಕೈ, ಉಗುರಲ್ಲಿ ಎಣ್ಣೆಯ ಕರಿ. ಕೈ ಹೊರಗೆ, ಕಾಲು ಬ್ರೇಕಿನ ಮೇಲೆ. ಲಾರಿ ಬೆರಳಿನಷ್ಟೂ ಜಾರಲಿಲ್ಲ. ಜನ ನೋಡಿದರು. ಅವಳು ಇನ್ನೂ ಚಾಚಿಯೇ ಇದ್ದಳು, ಎಲ್ಲರೂ ನೋಡಲಿ ಎಂದು.

ಗುಜರಿಯವನು ಬೀಡಿ ಎಸೆದ. "ಯೇ ತೋ ಜಿಂದಾ ಗಾಡಿ ಹೈ ಭಾಯ್. ನಾ ಸತ್ತಿದ್ದು ಒಯ್ಯಾಂವ, ಬದುಕಿದ್ದಲ್ಲ," ಅಂದು ಟ್ರಾಲಿಯ ಕಡೆ ನಡೆದ.

ತಿರುಪತಿ ಲಾರಿಯ ಹತ್ತಿರ ಬಂದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಬಾಗಿಲಿಗೆ ಕೈ ಹಾಕಿದ. "ಆಯ್ತು ಅತ್ತಿಗಿ. ನೀ ಗೆದ್ದಿ. ಇಳಿ ಇನ್ನ. ಗದ್ವಾಲ ಸಂತಿಗೆ ನಾ ಹೊಡಕೊಂಡು ಹೋಗತೀನಿ."

"ಯಾಕ?"

"ಬಂಡಿ ಸರಿ ಆತಲ್ಲ. ಮನಿ ಹೆಣ್ಣುಮಗಳು ಸಂತ್ಯಾಗ ಡ್ರೈವರ್ ಆಗಿ ನಿಂತ್ರ ನನ್ನ ಮಾರಿ ಎಲ್ಲಿಡಲಿ?"

"ನಿನ್ನೆ ತನಕ ಅಣ್ಣನ್ನ ನುಂಗಿದ ಬಂಡಿ. ಇವತ್ತು ನಿನಗ ಬೇಕಾತು?"

"ಹಂಗಲ್ಲ..."

"ಹಂಗ ಐತಿ. ಇದನ್ನ ಒಡಿಯಾಕ ಕೊಟ್ಟಾಂವ ನೀನು. ಕಟ್ಟಿದಾಕಿ ನಾನು. ಕೈ ತಗಿ."

ಅವನು ಕೈ ತೆಗೆದ. ಆದರೆ ಹೋಗಲಿಲ್ಲ. ಇಡೀ ಓಣಿ ನೋಡುತ್ತಿತ್ತು. ಸೋತು ಹೋಗಲು ಅವನಿಗೂ ಆಗಲಿಲ್ಲ. ಲಾರಿಯ ಮುಂದೆ ಬಂದು, ಇಳಿಜಾರಿನಲ್ಲಿ ಅಡ್ಡ ನಿಂತ. ಎರಡೂ ಕೈ ಬಾನೆಟ್ಟಿನ ಮೇಲೆ ಇಟ್ಟ.

"ಹೋಗು ನೋಡೋಣ. ನನ್ನ ಮ್ಯಾಲೆ ಹಾಯ್ಸಿ ಹೋಗು."

ಬುಗ್ಗಮ್ಮ ಗಾಜಿನ ಹಿಂದಿನಿಂದ ಅವನನ್ನೇ ನೋಡಿದಳು. ಹಿಂದೆ ಕುರಿಯ ಭಾರ, ಕೆಳಗೆ ಇಳಿಜಾರು, ನಡುವೆ ಅವಳ ಒಂದು ಕಾಲು. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ತಿರುಪತಿ, ಎಲ್ಲಿ ನಿಂತಿ ನೋಡ್ಕೊಂಡಿಯೇನು? ನನ್ನ ಬ್ರೇಕಿನ ಮ್ಯಾಲೆ ನಿನಗ ಅಷ್ಟು ನಂಬಿಕಿ ಬಂತಾ?"

ಶೇಖಮ್ಮ ಮೊದಲು ನಕ್ಕಳು. ಗುಡಿಕಟ್ಟೆಯ ಮುದುಕನೂ ಕೆಮ್ಮುತ್ತಾ ನಕ್ಕ. ತಿರುಪತಿ ತನ್ನ ಕೈ ನೋಡಿಕೊಂಡ, ಕಾಲಡಿಯ ಇಳಿಜಾರು ನೋಡಿದ. ನಗು ತಡೆಯಲು ನೋಡಿದ, ಆಗಲಿಲ್ಲ. ಅಣ್ಣನ ಹಾಗೇ ಒಂದು ಕಡೆ ತುಟಿ ಮಾಡಿ ನಕ್ಕ. ಬುಗ್ಗಮ್ಮನಿಗೆ ಅದು ನೋಡಲು ಆಗಲಿಲ್ಲ. ರಸ್ತೆ ನೋಡಿದಳು.

ತಿರುಪತಿ ಬದಿಗೆ ಸರಿದ. "ಧರೂರಿನ ಹತ್ರ ಮೆಲ್ಲಕ ಹೋಗು," ಅಂದ.

"ನನಗ ಹೆಂಗ ಬೇಕೋ ಹಂಗ ಹೋಗತೀನಿ," ಅಂದಳು.

ಪೆಂಟಮ್ಮ ಆ ಕಡೆಯಿಂದ ಹತ್ತಿ ಕೂತು ಬಾಗಿಲು ಬಡಿದಳು. ಬುಗ್ಗಮ್ಮ ಬ್ರೇಕಿನಿಂದ ಕಾಲು ತೆಗೆದಳು.